ಕವಿಗಳೇ ಸೇರಿ ಪ್ರಕಾಶನ ನಡೆಸುವುದು ಹೇಗೆ?

ಕೊಡಗಿನಲ್ಲಿ ಕವಿತೆ ಬರೆಯುವವರಿಗೇನೂ ಕೊರತೆಯಿಲ್ಲ. ಕನ್ನಡ, ಕೊಡವ ತಕ್ಕ್, ಅರೆಭಾಷೆ ಮೂರರಲ್ಲೂ ಬರೆಯುವವರಿದ್ದಾರೆ. ಆದರೆ ಪುಸ್ತಕ ಅಂದ ಕೂಡಲೇ ಕವಿ ತನ್ನ ಜೇಬಿಗೇ ಕೈ ಹಾಕಬೇಕು. ಐನೂರು ಪ್ರತಿ ಹಾಕಿಸಿ, ಬಿಡುಗಡೆಯ ದಿನ ಸುಮ್ನೆ ಹಂಚಿ, ಉಳಿದದ್ದನ್ನು ಅಟ್ಟಕ್ಕೇರಿಸುತ್ತಾರೆ. ಎರಡನೇ ಪುಸ್ತಕದ ಮಾತು ಅಲ್ಲಿಗೇ ನಿಲ್ಲುತ್ತದೆ. ಹತ್ತು ಹನ್ನೆರಡು ಜನ ಒಂದಾದರೆ ಇದನ್ನು ಬದಲಾಯಿಸಬಹುದು.

ಮೊದಲು ದುಡ್ಡಿನ ಮಾತು ಮುಗಿಸಿ. ಹನ್ನೆರಡು ಜನ ತಲಾ 3,000 ರೂಪಾಯಿ ಹಾಕಿದರೆ 36,000 ಆಯಿತು. ಇದು ಯಾರೊಬ್ಬರ ಪುಸ್ತಕಕ್ಕೆ ಕೊಟ್ಟ ದೇಣಿಗೆಯಲ್ಲ, ತಿರುಗುತ್ತಲೇ ಇರಬೇಕಾದ ಹಣ. ಯಾರ ಪುಸ್ತಕ ಬಂದರೂ ಮಾರಾಟದ ದುಡ್ಡು ಮೊದಲು ಈ ಗಂಟಿಗೇ ಬರಬೇಕು. ಅಸಲು ಬಂದ ಮೇಲೆ ಕವಿಗೆ ಗೌರವಧನ. ಇದನ್ನು ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹಿತರ ನಡುವೆ ಕಾಗದ ಯಾಕೆ ಅನ್ನಬೇಡಿ, ಸ್ನೇಹ ಉಳಿಯಲಿ ಅಂತಲೇ ಕಾಗದ.

ನೋಂದಣಿಗೆ 1960ರ ಸಂಘಗಳ ನೋಂದಣಿ ಕಾಯ್ದೆ ಇದೆ, ಏಳು ಜನ ಸಾಕು. ಅದರಲ್ಲಿ ಸದಸ್ಯರು ಲಾಭ ಹಂಚಿಕೊಳ್ಳುವಂತಿಲ್ಲ. ನಮಗೂ ಅದು ಬೇಕಿಲ್ಲ, ಅಲ್ವಾ? 1959ರ ಕಾಯ್ದೆಯಡಿ ಪೂರ್ತಿ ಸಹಕಾರ ಸಂಘವನ್ನೇ ಮಾಡಬಹುದು. ಆದರೆ ಚುನಾವಣೆ, ಲೆಕ್ಕ ತಪಾಸಣೆಯ ಕೆಲಸ ಜಾಸ್ತಿ. ಶುರುವಿಗೆ ಮೊದಲನೆಯದೇ ಸಾಕು ಅನ್ನುತ್ತೇನೆ.

ಇನ್ನು ಹಸ್ತಪ್ರತಿ. ನನ್ನ ಪ್ರಕಾರ ಪ್ರಕಾಶನದ ಜೀವ ಇರುವುದು ಇಲ್ಲೇ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರನ್ನೂ ಕೂರಿಸಲಾಗದು, ಮಳೆಗಾಲದ ಸಂಜೆಗಳೇ ಸರಿ. ಹೆಸರು ತೆಗೆದ ಪ್ರತಿಯನ್ನು ಮೇಜಿನ ಮೇಲಿಡಿ. ಬರೆದವರು ಓದುವುದು ಬೇಡ, ಬೇರೆಯವರು ಗಟ್ಟಿಯಾಗಿ ಓದಲಿ. ಓದುವವರ ನಾಲಿಗೆ ಎಲ್ಲಿ ತಡವರಿಸಿತು, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬರೆದವರು ಆಗ ಸಮರ್ಥನೆಗೆ ಇಳಿಯಬಾರದು. ಎಂಬತ್ತು ಕವಿತೆ ಬಂದಿದ್ದರೆ ನಲವತ್ತೈದು ಉಳಿಯಲಿ. ಹಣ ಕೊಟ್ಟ ಸದಸ್ಯರೆಂದು ಸಡಿಲ ಬಿಟ್ಟರೆ ಮುಂದಿನ ಪುಸ್ತಕವನ್ನು ಓದುಗರು ಮುಟ್ಟುವುದಿಲ್ಲ.

ಕೊಡವ ತಕ್ಕಿನ ಎಲ್ಲ ಸ್ವರಗಳಿಗೂ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಆದ್ದರಿಂದ ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಮಡಿಕೇರಿಯಲ್ಲಿರುವ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳ ಪ್ರಕಟಣೆಗಳನ್ನು ಎದುರಿಗಿಟ್ಟುಕೊಂಡು ನಿಮ್ಮದೊಂದು ಕಾಗುಣಿತದ ನೋಟ್‌ಬುಕ್ ಮಾಡಿ. ಕರಡು ತಿದ್ದುವವರು ಆ ಭಾಷೆಯನ್ನು ಮನೆಯಲ್ಲಿ ಆಡುವವರೇ ಆಗಿರಲಿ.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಕವಿತೆಯನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಪರದೆಯ ಮೇಲೆ ಕಣ್ತಪ್ಪುತ್ತದೆ, ಪ್ರಿಂಟ್ ತೆಗೆದೇ ನೋಡಿ. ಉದ್ದದ ಸಾಲು ಪುಟದಲ್ಲಿ ಹಿಡಿಸದಿದ್ದರೆ ಮುರಿದ ಭಾಗವನ್ನು ಒಳಕ್ಕೆ ಸರಿಸಿ. ಇಲ್ಲವಾದರೆ ಅದೇ ಹೊಸ ಸಾಲು ಎಂದು ಓದುಗರು ಅಂದುಕೊಳ್ಳುತ್ತಾರೆ.

ಡೆಮಿ 1/8 (ಸಾಮಾನ್ಯ ಕಥೆ, ಕವಿತೆ ಪುಸ್ತಕಗಳ) ಅಳತೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ ಕವಿತೆಗೆ ಸಾಕು. ಪುಟಗಳು ಹದಿನಾರರ ಮಡಿಯಲ್ಲಿರಲಿ, 64 ಅಥವಾ 80. ಮೊದಲ ಸಲ ಮುನ್ನೂರಕ್ಕಿಂತ ಹೆಚ್ಚು ಪ್ರತಿ ಬೇಡ, ಅಷ್ಟಕ್ಕೆ ಡಿಜಿಟಲ್ ಮುದ್ರಣದ ದರವನ್ನೂ ಕೇಳಿ. ನಮ್ಮ ಮಳೆಯಲ್ಲಿ ಕಾಗದ ತೇವ ಹೀರಿ ಬಳುಕುತ್ತದೆ. ಹಾಗಾಗಿ ಮುದ್ರಣ ಮಳೆ ಬಿಟ್ಟ ಮೇಲೆ. ಕಟ್ಟುಗಳು ಗೋಡೆಗೆ ತಾಗದಂತೆ, ಹಲಗೆಯ ಮೇಲೆ ಇರಲಿ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಉಚಿತ. ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. 1954ರ ಕಾಯ್ದೆ ಹಾಗೆ ಹೇಳುತ್ತದೆ.

ಮಾರಾಟದಲ್ಲಿ ಒಂದು ಹಟ ಇರಲಿ: ನೆಂಟರಿಗೂ ಪುಕ್ಕಟೆ ಇಲ್ಲ. ಕಾವೇರಿ ಸಂಕ್ರಮಣ ಕಳೆದು ಸುಗ್ಗಿ ಹಬ್ಬ ಪುತ್ತರಿಯೊಳಗೆ ಬಿಡುಗಡೆ ಇಟ್ಟುಕೊಂಡರೆ ಊರಿಗೆ ಬಂದವರೂ ಸಿಗುತ್ತಾರೆ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಸೇರುವಷ್ಟು ಜನ ಯಾವ ಕವಿಗೋಷ್ಠಿಗೂ ಸೇರುವುದಿಲ್ಲ. ಆತಿಥ್ಯ ವಹಿಸಿದ ಕುಟುಂಬವನ್ನು ಮೊದಲೇ ಕೇಳಿಕೊಂಡು ಅಲ್ಲೊಂದು ಮೇಜು ಹಾಕಿ. ಅಂಗಡಿಗೆ ಕೊಡುವ ಕಮಿಷನ್ ಕಳೆದೂ ಅಸಲು ಬರುವಂತೆ ಬೆಲೆ ಇಡಿ. ಪ್ರತಿ ಸದಸ್ಯರೂ ಲೆಕ್ಕದ ಪುಸ್ತಕದಲ್ಲಿ ಸಹಿ ಹಾಕಿ ಹತ್ತು ಪ್ರತಿ ಒಯ್ಯಲಿ, ತಿಂಗಳ ಸಭೆಗೆ ಹಣ ಅಥವಾ ಪುಸ್ತಕ ತರಲಿ. ಆ ಲೆಕ್ಕದ ಪುಸ್ತಕ ಪ್ರತಿ ವರ್ಷ ಬೇರೆಯವರ ಕೈಯಲ್ಲಿರಲಿ.