ಒಂದೂ ಸ್ಕ್ರೂ ಹೊಡೆಯದೆ ಓಮ್ನಿಗೆ ಪರದೆ ಕಟ್ಟಿದ್ದು: ನನ್ನ ಅನುಭವ

ಜನವರಿಯಲ್ಲಿ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ಎರಡು ರಾತ್ರಿ ವ್ಯಾನಿನಲ್ಲೇ ಮಲಗಿ ಬಂದೆವು. ಒಂದು ಪರದೆಯೂ ಬೀಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹತ್ತು ತಿಂಗಳ ಹಿಂದೆ ನಮ್ಮ ಗ್ಯಾರೇಜಿನ ಮಿಸ್ತ್ರಿ, "ಸ್ಕ್ರೂ ಹೊಡೀಲಾರದ ಪರದೆ ನಿಂದ್ರಂಗಿಲ್ರೀ ಸರ, ಸುಮ್ನ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ" ಅಂದಿದ್ದ. ರೊಕ್ಕ ಹಾಳಾಗಿದ್ದು ನಿಜ. ಪರದೆ ನಿಂತಿದ್ದೂ ನಿಜ.

ನನ್ನದು ಸೆಕೆಂಡ್ ಹ್ಯಾಂಡ್ ಓಮ್ನಿ. ಹಿಂದಿನ ಸೀಟು ಮಡಚಿ ಮೇಲೆ ಪ್ಲೈವುಡ್ ಹಾಸಿ ಹಾಸಿಗೆ ಮಾಡಿಕೊಂಡಿದ್ದೇನೆ. ಈ ಹುಚ್ಚು ಇರುವವರಿಗೆ ಅದೆಲ್ಲ ಗೊತ್ತೇ ಇರುತ್ತದೆ, ಆ ಕಥೆ ಬಿಡಿ. ಪರದೆ ಮಾತ್ರ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ.

ಮೊದಲು ಒಂದು ಸ್ಕ್ರೂ ನಾನೂ ಹೊಡೆದೆ. ಸುಳ್ಳು ಯಾಕೆ ಹೇಳಲಿ? ಡ್ರಿಲ್ ಬಿಟ್ ತಗಡು ದಾಟಿದ್ದೇ ತಡ, ಸರ್ರನೆ ಒಳಗೆ ಹೋಯಿತು. ಒಳಗಿನ ದೀಪದ ವಾಯರ್ ಕಡಿದು ಫ್ಯೂಸ್ ಹೋಯಿತು. ಎಲೆಕ್ಟ್ರಿಷಿಯನ್ ಆರುನೂರು ತೆಗೆದುಕೊಂಡ, ಮೇಲೆ ಒಂದು ನಗು ಬೇರೆ. ಇಷ್ಟಾಗಿ ಆ ಸ್ಕ್ರೂ ಕೂಡ ನಿಲ್ಲಲಿಲ್ಲ. ಒಂದು ಮಿಲಿಮೀಟರ್ ಕೂಡ ಇಲ್ಲದ ತಗಡು ಅದು, ಸ್ಕ್ರೂವಿನ ಎರಡು ಸುತ್ತು ಹಿಡಿದರೆ ಹೆಚ್ಚು. ನಮ್ಮ ರಸ್ತೆಯ ಕುಲುಕಾಟಕ್ಕೆ ತೂತು ಅಗಲವಾಗುತ್ತಾ ಹೋಗುತ್ತದೆ. ಬಣ್ಣ ಎದ್ದ ಕಡೆ ತುಕ್ಕು. ನಾಳೆ ಗಾಡಿ ಮಾರಲು ಹೋದರೆ ಕೊಳ್ಳುವವನು ಮೊದಲು ಬೆರಳಿಡುವುದು ಅದೇ ತೂತಿನ ಮೇಲೆ. ಅವತ್ತೇ ಶಪಥ ಮಾಡಿದೆ, ಇನ್ನು ಡ್ರಿಲ್ ಮುಟ್ಟುವುದಿಲ್ಲ.

ಮೊದಲ ಪ್ರಯತ್ನ ಸ್ಪ್ರಿಂಗ್ ರಾಡ್. ಎರಡು ಗೋಡೆಗಳ ಮಧ್ಯೆ ಒತ್ತಿ ನಿಲ್ಲುತ್ತದಲ್ಲ, ಅದು. ನಾಲ್ಕು ತರಿಸಿದೆ, ಸುಮಾರು ಸಾವಿರದ ಐನೂರು ಬಿತ್ತು. ಬಾತ್‌ರೂಮಿಗೆ ಅದು ಸರಿ, ಅಲ್ಲಿ ಗೋಡೆ ನೆಟ್ಟಗಿರುತ್ತದೆ. ವ್ಯಾನಿನ ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ಬಾಗಿರುತ್ತದೆ. ಅಲ್ಲಿ ರಾಡ್ ಒತ್ತಿದಷ್ಟೂ ಕೆಳಕ್ಕೆ ಜಾರುತ್ತದೆ. ಬಾಗಲಕೋಟೆಗೆ ಹೊರಟಾಗ ಒಂದು ಹಂಪ್ ಮೇಲೆ ಗಾಡಿ ಎಗರಿತು, ರಾಡು ಪರದೆ ಸಮೇತ ನನ್ನ ಹೆಂಡತಿಯ ತಲೆ ಮೇಲೆ ಬಂತು. ಕೊಲ್ಹಾರದಲ್ಲಿ ನಿಲ್ಲಿಸಿ ಗಡಿಗೆ ಮೊಸರು ಕೊಡಿಸಿದೆ. ಕೋಪ ಅರ್ಧ ಇಳಿಯಿತು. ಆ ರಾಡುಗಳು ಈಗ ಮನೆಯಲ್ಲಿ ಟವೆಲ್ ಒಣಗಿಸಲು ಇವೆ.

ಆಮೇಲೆ ಗಾಜಿಗೆ ಅಂಟುವ ರಬ್ಬರ್ ಬಟ್ಟಲು. ಇನ್ನೂರೈವತ್ತು ರೂಪಾಯಿ. ನಮ್ಮ ಎರೆಮಣ್ಣಿನ ಧೂಳಿಗೆ ಒಂದು ದಿನವೂ ನಿಲ್ಲಲಿಲ್ಲ. ಮುಗಿಯಿತು, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ವೆಲ್ಕ್ರೋ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಹಿಂದೆ ಅಂಟು ಇರುವ ಪಟ್ಟಿ ತಂದೆ, ಒಂದು ಕಡೆ ವ್ಯಾನಿಗೆ ಅಂಟಿಸಿದೆ, ಇನ್ನೊಂದು ಕಡೆ ಪರದೆಗೆ ಹೊಲಿಯಲು ಟೇಲರ್ ಹತ್ತಿರ ಒಯ್ದೆ. ಇಲ್ಲಿ ಎರಡು ತಪ್ಪು. ಮೊದಲನೆಯದು, ಅಂಟಿರುವ ವೆಲ್ಕ್ರೋ ಹೊಲಿದರೆ ಮಷಿನ್ ಸೂಜಿಗೆ ಅಂಟು ಮೆತ್ತಿಕೊಳ್ಳುತ್ತದೆ, ದಾರ ಪಟಪಟ ಕಡಿಯುತ್ತದೆ. ನಮ್ಮ ಟೇಲರ್ ಕಾಕಾ ಮೂರು ಸೂಜಿ ಮುರಿದುಕೊಂಡು, "ಇದನ್ನ ತಗೊಂಡ ಮತ್ತ ನಮ್ಮ ಅಂಗಡಿ ಮೆಟ್ಟಲಾ ಹತ್ತಬ್ಯಾಡಪಾ" ಅಂದರು. ಹೊಲಿಯಲು ಅಂಟಿಲ್ಲದ್ದೇ ಬೇರೆ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಎರಡನೆಯದು ನಮ್ಮ ವಿಜಯಪುರದ ಏಪ್ರಿಲ್. ಹೊರಗೇ ನಲವತ್ತು ದಾಟಿರುತ್ತದೆ. ಮುಚ್ಚಿ ನಿಲ್ಲಿಸಿದ ಗಾಡಿಯ ತಗಡು ಕೈ ಇಡಲಾರದಷ್ಟು ಕಾದಿರುತ್ತದೆ. ಅಂಟು ಬೆಲ್ಲದ ಪಾಕದ ಹಾಗೆ ಕರಗಿ ಇಳಿಯಿತು. ಗಾಂಧಿ ಚೌಕದ ಹತ್ತಿರ ಗಾಡಿ ಬಿಟ್ಟು ಎರಡು ತಾಸಿಗೆ ಬಂದು ನೋಡಿದರೆ ನಾಲ್ಕೂ ಪರದೆ ನೆಲದಲ್ಲಿ. ಮೆತ್ತಿದ ಅಂಟು ತೆಗೆಯಲು ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ತಾಸು ಬಿಟ್ಟು ಒರೆಸಿ. ಸೀಮೆಎಣ್ಣೆಗಿಂತ ಅದೇ ವಾಸಿ, ವಾಸನೆಯೂ ಇಲ್ಲ.

ಇಷ್ಟರಲ್ಲಿ ಮೂರು ಸಾವಿರ ಹೋಗಿತ್ತು. ಮಿಸ್ತ್ರಿ ಪ್ರತಿ ಸಲ ಸಿಕ್ಕಾಗಲೂ, "ಪರದೆ ಹೆಂಗ ಐತ್ರೀ ಸರ?" ಅಂತ ಕೇಳುತ್ತಿದ್ದ. ಕೇಳುವ ಧಾಟಿ ನಿಮಗೆ ಗೊತ್ತಲ್ಲ.

ಆಮೇಲೆ ನವಾರ ನೆನಪಾಯಿತು. ಮಂಚಕ್ಕೆ ಹೆಣೆಯುವ ನವಾರವೇ. ನಮ್ಮ ಅಜ್ಜಿಯ ಮಂಚದ ನವಾರ ಮೂವತ್ತು ವರ್ಷ ಮೂರು ಮಂದಿಯ ಭಾರ ಹೊತ್ತಿದೆ, ಒಂದು ಪರದೆ ಹೊರುವುದಿಲ್ಲವೇ? ಬಾಗಿಲ ಚೌಕಟ್ಟಿನ ಸುತ್ತ ರಬ್ಬರ್ ಬೀಡಿಂಗ್ ಇರುತ್ತದಲ್ಲ, ಅದು ತಗಡಿನ ಅಂಚಿಗೆ ಒತ್ತಿ ಕೂರಿಸಿದ್ದು ಅಷ್ಟೇ. ಕೈಯಿಂದ ಎಳೆದರೆ ಬರುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. ಅದರ ಒಳಗೆ ನವಾರದ ಅಂಚು ಸಿಕ್ಕಿಸಿ ಬೀಡಿಂಗ್ ಮತ್ತೆ ಒತ್ತಿದರೆ ಪಟ್ಟಿ ಗಟ್ಟಿ. ಕೆಳಗೆ ಇಳಿಬಿದ್ದ ಪಟ್ಟಿಗೆ ಮೊದಲೇ ವೆಲ್ಕ್ರೋ ಹೊಲಿದಿಟ್ಟಿರಬೇಕು. ಅಂಟಿನ ಮಾತೇ ಇಲ್ಲ.

ಮೊದಲ ಸಲ ಅದೂ ಕೈಕೊಟ್ಟಿತು. ಹತ್ತಿಯ ನವಾರ ಹಾಕಿದ್ದೆ. ಮೇಲಾಗಿ ಅತಿ ಜಾಣತನ ಮಾಡಿ ಹಿಂದಿನ ಕಿಟಕಿಯ ಗಾಜು ಹಿಡಿದ ರಬ್ಬರಿನೊಳಗೂ ಚಮಚದ ಹಿಡಿಕೆಯಿಂದ ತೂರಿಸಿದೆ. ಜುಲೈಯಲ್ಲಿ ಬೆಳಗಾವಿಯ ಭಾವನ ಮನೆಗೆ ಹೋಗಿ, ಅಲ್ಲಿಂದ ಅಂಬೋಲಿ ಘಾಟಿಗೆ ಹೋದೆವು. ಅಂಬೋಲಿ ಮಳೆ ನೋಡಿದವರಿಗೆ ಮುಂದಿನ ಕಥೆ ಹೇಳಬೇಕಿಲ್ಲ. ಹತ್ತಿ ಪಟ್ಟಿ ದೀಪದ ಬತ್ತಿಯ ಹಾಗೆ ನೀರು ಹೀರಿ ಒಳಗೆ ತಂದು ಹಾಸಿಗೆಗೆ ಬಿಟ್ಟಿತು. ರಾತ್ರಿ ಎರಡು ಗಂಟೆಗೆ ಎದ್ದು ಕೂತೆವು. ಭಾವ ಇವತ್ತಿಗೂ ನನ್ನ ಗಾಡಿಯನ್ನು ಹಡಗು ಅನ್ನುತ್ತಾನೆ.

ಹಾಗಾಗಿ ಎರಡು ಮಾತು ನೆನಪಿಡಿ. ನೈಲಾನ್ ನವಾರವನ್ನೇ ತನ್ನಿ, ಅದು ನೀರು ಹೀರುವುದು ಬಹಳ ಕಡಿಮೆ. ಗಾಜು ಹಿಡಿದ ರಬ್ಬರ್ ಮುಟ್ಟಲೇಬೇಡಿ. ಬಾಗಿಲಿನ ಬೀಡಿಂಗಿಗೂ ಪಟ್ಟಿ ಒಳಗಿನ ಮಗ್ಗುಲಲ್ಲಿ ಮಾತ್ರ ಬರಬೇಕು, ಹೊರಗೆ ಒಂದು ಎಳೆಯೂ ಇಣುಕಬಾರದು. ಹಿಂದಿನ ಕಿಟಕಿಗಳಿಗೆ ನಾನು ಮೇಲಿನ ರೂಫ್ ಬಟ್ಟೆಯ ಅಂಚಿನ ಸಂದಿ ಬಳಸಿದೆ. ಕೂರಿಸಿದ ಮೇಲೆ ಹತ್ತರ ನೋಟು ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ನೋಟು ಬಿಗಿಯಾಗಿ ಸಿಕ್ಕಿಕೊಂಡರೆ ಬೀಡಿಂಗ್ ಸರಿ ಕೂತಿದೆ. ಸಲೀಸಾಗಿ ಬಂದರೆ ಮಳೆಯೂ ಸಲೀಸಾಗಿ ಬರುತ್ತದೆ.

ಬರಿ ಪಟ್ಟಿ ಸಿಕ್ಕಿಸಿದರೆ ಒಂದೆರಡು ವಾರಕ್ಕೆ ಜಾರಿ ಹೊರಗೆ ಬರುತ್ತದೆ. ಅದಕ್ಕೆ ಅಂಚು ಮಡಚಿ ಒಳಗೆ ಒಂದು ದಾರ ಇಟ್ಟು ಹೊಲಿಸಿದೆ, ದಿಂಬಿನ ಕವರಿಗೆ ಪೈಪಿಂಗ್ ಹೊಲಿಯುತ್ತಾರಲ್ಲ, ಹಾಗೆ. ಆ ಉಬ್ಬು ಬೀಡಿಂಗಿನ ತುಟಿಯ ಹಿಂದೆ ಕೂತರೆ ಎಳೆದರೂ ಬರುವುದಿಲ್ಲ. ಒಂದು ಲೀಟರ್ ನೀರಿನ ಬಾಟಲಿ ಇಡೀ ರಾತ್ರಿ ನೇತುಹಾಕಿ ನೋಡಿದ್ದೇನೆ. ಯಾವ ದಾರ, ಎಷ್ಟು ದಪ್ಪ ಅಂತ ಕೇಳಬೇಡಿ. ಐದು ಥರದ್ದು ಕೊಂಡು ನಾಲ್ಕು ಬಿಸಾಡಿ ಕಂಡುಕೊಂಡಿದ್ದು. ಅಷ್ಟು ಕಷ್ಟ ನೀವೂ ಪಡಿ.

ಮೇಲೆ ನವಾರ ಆಯಿತು. ಕೆಳಗೆ ಮತ್ತು ಪಕ್ಕಕ್ಕೆ ಮ್ಯಾಗ್ನೆಟ್. ಹಳೆ ಸ್ಪೀಕರಿನ ಕರಿ ಮ್ಯಾಗ್ನೆಟ್ ಒಡೆದು ಹೊಲಿದು ನೋಡಿದೆ, ಪರದೆಗಿಂತ ಅದೇ ಭಾರ. ಆಮೇಲೆ ಹತ್ತು ಮಿಲಿಮೀಟರ್ ಅಗಲ, ಎರಡು ಮಿಲಿಮೀಟರ್ ದಪ್ಪದ ನಿಯೋಡೈಮಿಯಂ ಬಿಲ್ಲೆ ತರಿಸಿದೆ, ಚಿಕ್ಕದಾದರೂ ಬಹಳ ಬಲವಾಗಿ ಹಿಡಿಯುವ ಮ್ಯಾಗ್ನೆಟ್ ಅದು. ಐವತ್ತಕ್ಕೆ ನಾನೂರೈವತ್ತರ ಆಸುಪಾಸು. ಇವು ಎಳೆದರೆ ಬಿಡುವುದಿಲ್ಲ, ಆದರೆ ನೆಟ್ಟನೆ ತಗಡಿನ ಮೇಲೆ ಕೆಳಕ್ಕೆ ಸುಲಭವಾಗಿ ಜಾರುತ್ತವೆ. ಅದಕ್ಕೇ ಬರಿ ಮ್ಯಾಗ್ನೆಟ್ಟಿನಲ್ಲೇ ಪರದೆ ನೇತುಹಾಕಿದವರು ಬೆಳಗ್ಗೆ ಎದ್ದಾಗ ಪರದೆ ಅರ್ಧ ಇಳಿದಿರುತ್ತದೆ. ಮದ್ದು ನಮ್ಮ ಪಂಕ್ಚರ್ ಅಂಗಡಿಯಲ್ಲಿತ್ತು. ಸೈಕಲ್ಲಿನ ಹಳೆ ಟ್ಯೂಬ್ ಕತ್ತರಿಸಿ ಮ್ಯಾಗ್ನೆಟ್ ಮೇಲೆ ಒಂದು ಪದರ ಹೊಲಿಸಿದೆ. ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಜಾರುವುದು ನಿಲ್ಲುತ್ತದೆ. ಬಣ್ಣಕ್ಕೆ ಗೀರೂ ಬೀಳುವುದಿಲ್ಲ. ಪುಕ್ಕಟೆ.

ಮ್ಯಾಗ್ನೆಟ್ ಒಳಗಿಟ್ಟು ಮಷಿನ್ನಿಗೆ ಕೊಡಬೇಡಿ. ಟೇಲರ್ ಕಾಕಾನನ್ನು ಕಾಡಿ ಬೇಡಿ ಮತ್ತೆ ಒಪ್ಪಿಸಿದ್ದೆ. ಬಟ್ಟೆ ಮಷಿನ್ನಿನ ಮೇಲಿಟ್ಟ ತಕ್ಷಣ ಟಕ್ ಅಂತ ಹಿಡಿದುಕೊಂಡಿತು. ಸೂಜಿ ಡಬ್ಬಿ ಪಕ್ಕದಲ್ಲೇ ಇತ್ತು, ಅದೂ ಬಂದು ಕಚ್ಚಿತು. ಮೊದಲು ಖಾಲಿ ಚೀಲದ ಹಾಗೆ ಹೊಲಿಸಿ. ಆಮೇಲೆ ಮನೆಯಲ್ಲಿ ಬಿಲ್ಲೆ ತೂರಿಸಿ ಬಾಯಿಗೆ ಕೈಹೊಲಿಗೆ ಹಾಕಿ, ಬಿಗಿಯಾಗಿ. ಇವನ್ನು ಮಕ್ಕಳು ನುಂಗಿದರೆ ಕಷ್ಟ. ಎರಡು ಬಿಲ್ಲೆ ಹೊಟ್ಟೆಯೊಳಗೆ ಹೋದರೆ ಕರುಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಪರೇಷನ್ನೇ ಗತಿ. ಶಾಖದ ಚಿಂತೆ ಬೇಡ. ಸಾಮಾನ್ಯ ನಿಯೋಡೈಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಅಷ್ಟು ನಮ್ಮ ಬಿಸಿಲಿನಲ್ಲೂ ಗಾಡಿಯ ಒಳಗೆ ಸಾಮಾನ್ಯವಾಗಿ ಆಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಒಂದು ಅಡ್ಡದಾರಿ ಹಿಡಿದೆ. ಡ್ರೈವರ್ ಸೀಟಿನ ಹಿಂದಿನ ಅಡ್ಡಪರದೆಗೆ ಅತ್ತೆಯ ಹಳೆ ಇಳಕಲ್ ಸೀರೆ ಹಾಕಿದೆ. ಕೆಂಪು ಸೆರಗು, ಅದರಲ್ಲಿ ಟೋಪ್ ತೆನಿ ಅನ್ನುವ ನೇಯ್ಗೆಯ ವಿನ್ಯಾಸ, ನೋಡಲು ಎಷ್ಟು ಚೆಂದ ಅಂತೀರಿ! ರಾತ್ರಿ ಒಳಗೆ ದೀಪ ಹಾಕಿದರೆ ಹೊರಗಿನವರಿಗೆ ಬೊಂಬೆಯಾಟ. ಹೆಂಡತಿ ಮೊದಲ ದಿನವೇ ತೆಗೆಸಿದಳು. ಈಗ ಬೆಳಕು ತಡೆಯುವ ದಪ್ಪ ಪರದೆ ಬಟ್ಟೆ ಹಾಕಿ, ಒಳಮುಖಕ್ಕೆ ಸೀರೆಯ ಸೆರಗು ಮಾತ್ರ ಹೊಲಿಸಿದ್ದೇನೆ. ಎರಡೂ ಉಳಿಯಿತು, ಅತ್ತೆಯೂ ಖುಷಿ.

ಈ ಅಡ್ಡಪರದೆಗೆ ಮನೆಯ ಕಿಟಕಿಗೆ ಹಾಕುವ ಸ್ಪ್ರಿಂಗ್ ವಾಯರ್ ಸಾಕು. ಮೇಲಿನ ಹಿಡಿಕೆಯಿಂದ ಹಿಡಿಕೆಗೆ ಕೇಬಲ್ ಟೈ ಹಾಕಿ ಬಿಗಿದೆ. ಮೊದಲು ಸೀಟ್ ಬೆಲ್ಟಿನ ಮೇಲಿನ ಕೊಂಡಿಗೆ ಕಟ್ಟಿದ್ದೆ, ಬೆಲ್ಟ್ ಸಿಕ್ಕಿಕೊಳ್ಳಲು ಶುರುವಾಯಿತು, ಬಿಚ್ಚಿದೆ. ಬೆಲ್ಟಿನ ಬೋಲ್ಟ್ ಯಾರೂ ಮುಟ್ಟಬಾರದು. ವಾಯರ್ ನಡುವೆ ಜೋಲುವುದನ್ನು ಹೇಗೆ ನಿಲ್ಲಿಸಿದೆ ಅನ್ನುವುದು ಎರಡನೇ ಗುಟ್ಟು, ಅದೂ ನನ್ನ ಹತ್ತಿರವೇ ಇರಲಿ.

ಇನ್ನೊಂದು ಪ್ರಯೋಗ. ಮೇ ತಿಂಗಳಲ್ಲಿ ಪರದೆ ಒದ್ದೆ ಮಾಡಿ ಕಿಟಕಿ ತೆರೆದಿಟ್ಟೆ. ಗಾಡಿಯೊಳಗೆ ಇಟ್ಟ ಅಡುಗೆಮನೆಯ ಥರ್ಮಾಮೀಟರಿನಲ್ಲಿ ನಲವತ್ತನಾಲ್ಕು ಇದ್ದದ್ದು ಮೂವತ್ತೆಂಟರ ಹತ್ತಿರ ಇಳಿಯಿತು. ನಮ್ಮ ಒಣ ಗಾಳಿಗೆ ಕೂಲರಿನ ಕೆಲಸವೇ ಆಯಿತು. ಒಂದು ತಾಸಿಗೆ ಹಾಸಿಗೆ ತಂಪಲ್ಲ, ತೊಪ್ಪೆ. ಗಾಳಿ ಬೀಸದಿದ್ದರೆ ಅದೂ ಇಲ್ಲ. ಪರದೆ ಬೆಳಕು ತಡೆಯುತ್ತದೆ, ಆದರೆ ಬಿಸಿಲು ಗಾಜು ದಾಟಿ ಒಳಗೆ ಬಂದೇಬಿಟ್ಟಿರುತ್ತದೆ. ಹಗಲು ನಿಲ್ಲಿಸುವುದಾದರೆ ಪರದೆಯ ಹಿಂದೆ, ಗಾಜಿಗೆ ತಾಗಿದಂತೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಇಡಿ. ಅದೇ ಮ್ಯಾಗ್ನೆಟ್ ಅದನ್ನೂ ಹಿಡಿಯುತ್ತದೆ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಸೊಳ್ಳೆ ಪರದೆಗೂ ಅವನ್ನೇ ಹಾಕಿದೆ, ಚೆನ್ನಾಗಿ ನಿಂತಿತು.

ಗಾಡಿ ಓಡುವಾಗ ಎಲ್ಲ ಪರದೆ ಸರಿಸಿ ಕಟ್ಟಿಬಿಡುತ್ತೇನೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಲ್ಲಿಸಿದೆ, ಮುಚ್ಚಿದ ಪರದೆ ನೋಡಿದರೂ ಪೊಲೀಸರು ಕೈ ತೋರಿಸುತ್ತಾರೆ. ಹಿಂದಿನದೂ ಕಾಣಬೇಕಲ್ವಾ?

ಕೊನೆಗೆ ನಿಂತ ಈ ಪದ್ಧತಿಗೆ ಬಟ್ಟೆ ಆರು ಮೀಟರ್ ಸಾವಿರ ರೂಪಾಯಿ, ನವಾರ ನೂರೈವತ್ತು, ಮ್ಯಾಗ್ನೆಟ್ ನಾನೂರೈವತ್ತು, ಹೊಲಿಗೆ ಐನೂರು, ಚಿಲ್ಲರೆ ನೂರು. ಎರಡು ಸಾವಿರದ ಇನ್ನೂರು ಅಂದುಕೊಳ್ಳಿ. ಹಾಳು ಮಾಡಿದ್ದು ಅದಕ್ಕಿಂತ ಜಾಸ್ತಿ.

ಬನಶಂಕರಿಯಲ್ಲಿ ನಿಜವಾದ ಪರೀಕ್ಷೆ ಆಯಿತು. ಜಾತ್ರೆಗೆ ಬಂದ ನಾಟಕ ಕಂಪನಿಗಳು ರಾತ್ರಿಯಿಡೀ ಆಟ ಆಡುತ್ತವೆ, ಸುತ್ತ ಹಗಲಿನಂಥ ಲೈಟು. ನಾವೂ ಒಂದು ನಾಟಕ ನೋಡಿ ಎರಡು ಗಂಟೆಗೆ ಬಂದು ಮಲಗಿದೆವು. ಪರದೆ ಎಳೆದರೆ ಒಳಗೆ ಗವ್ವೆನ್ನುವ ಕತ್ತಲೆ. ಬೆಳಗ್ಗೆ ಎಂಟಕ್ಕೆ ಎಚ್ಚರ. ವಾಪಸ್ ಬಂದು ಮಿಸ್ತ್ರಿಗೆ ತೋರಿಸಿದೆ. ಎರಡು ಸಲ ಜಗ್ಗಿ ನೋಡಿದ. ಏನೂ ಅನ್ನಲಿಲ್ಲ, ಚಹಾ ತರಿಸಿದ. ಹೋದ ವಾರ ಅವನ ತಮ್ಮನ ಗಾಡಿಗೆ ನವಾರ ಎಷ್ಟು ಮೀಟರ್ ಬೇಕು ಅಂತ ಫೋನ್ ಮಾಡಿದ್ದ. ಹತ್ತು ಅಂದೆ. ದಾರದ ಬಗ್ಗೆ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಮಾತ್ರ ಇನ್ನೂ ಸರಿಯಾಗಿಲ್ಲ. ಹಿಂದಿನ ಬಲ ಮೂಲೆಯಲ್ಲಿ ತಗಡಿನ ಮೇಲೆ ಪ್ಲಾಸ್ಟಿಕ್ ಇದೆ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಎರಡು ಬೆರಳು ಸಂದಿ ಉಳಿದಿದೆ. ಅಲ್ಲಿಂದ ಬರುವ ಲೈಟು ನೇರ ದಿಂಬಿನ ಮೇಲೆ ಬೀಳುತ್ತದೆ. ಸದ್ಯಕ್ಕೆ ಆ ಕಡೆ ನಾನೇ ಮಲಗುತ್ತೇನೆ.