ಮುನ್ನೂರು ಮಂದಿಯ ತರಗತಿಯಲ್ಲಿ ಹೇಳದೆ ಉಳಿಯುವ ನಿಯಮಗಳು

ನಾನು ಪದವಿಯ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ತರಗತಿಯಲ್ಲಿ ಮುನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುತ್ತಾರೆ. ಬೇರೆ ಬೇರೆ ದೇಶ, ಭಾಷೆ, ಶಾಲಾ ಪದ್ಧತಿಗಳ ಹಿನ್ನೆಲೆ ಅವರದು. ಇಂಥ ತರಗತಿಗೆ ಸಿದ್ಧರಾಗುವ ಅಧ್ಯಾಪಕರಿಗೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಒಂದೊಂದು ಸಂಸ್ಕೃತಿಯ ಸ್ವಭಾವವನ್ನೂ ತಿಳಿದುಕೊಳ್ಳಿ ಎಂಬುದು: ಇಂಥ ಕಡೆಯವರು ಪ್ರಶ್ನೆ ಕೇಳುವುದಿಲ್ಲ, ಇಂಥವರು ವಾದಕ್ಕಿಳಿಯುತ್ತಾರೆ, ಇತ್ಯಾದಿ. ಈ ಸಲಹೆಯಿಂದ ನನಗೆ ಹೆಚ್ಚಿನ ಪ್ರಯೋಜನ ಕಂಡಿಲ್ಲ. ಒಂದೇ ಊರಿನ, ಒಂದೇ ಶಾಲೆಯ ಇಬ್ಬರಲ್ಲಿ ಒಬ್ಬಳು ಮಾತಿನಮಲ್ಲಿಯೂ ಇನ್ನೊಬ್ಬಳು ತುಟಿ ಬಿಚ್ಚದವಳೂ ಆಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ವಿದ್ಯಾರ್ಥಿಗಳ ಸಂಸ್ಕೃತಿಯನ್ನು ಊಹಿಸುವ ಗೋಜಿಗೆ ಹೋಗದೆ, ಎಲ್ಲರಿಗೂ ಗೊತ್ತಿದೆಯೆಂದು ಭಾವಿಸಿ ನಾವೇ ಹೇಳದೆ ಬಿಡುವ ನಿಯಮಗಳನ್ನು ಹುಡುಕಿ, ಅವನ್ನು ಬಾಯಿಬಿಟ್ಟು ಹೇಳುವುದಕ್ಕೆ ಹೆಚ್ಚು ಶ್ರಮ ಹಾಕುತ್ತೇನೆ.

ಮೊದಲ ತರಗತಿಯಲ್ಲಿ ಪಾಠ ಕಡಿಮೆ. ನನ್ನನ್ನು ಹೇಗೆ ಕರೆಯಬಹುದು, ಪಾಠದ ನಡುವೆ ಪ್ರಶ್ನೆ ಕೇಳಬಹುದೇ, ನನ್ನ ಮಾತನ್ನು ಒಪ್ಪದಿದ್ದರೆ ಅದನ್ನು ಎಲ್ಲರೆದುರು ಹೇಳುವುದು ಅಗೌರವವೇ ಎಂಬುದನ್ನೆಲ್ಲ ನೇರವಾಗಿ ಹೇಳಿಬಿಡುತ್ತೇನೆ. ಅಧ್ಯಾಪಕರ ಕೊಠಡಿಯಲ್ಲಿ ಭೇಟಿಗೆಂದು ಮೀಸಲಿಟ್ಟ ಸಮಯದ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. ಅದು ತಪ್ಪು ಮಾಡಿದವರನ್ನು ಕರೆಸುವ ಸಮಯವೆಂದು ತಿಳಿದವರಿದ್ದಾರೆ. ಅಧ್ಯಾಪಕರು ತಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು, ಆಗ ಬಾಗಿಲು ತಟ್ಟಬಾರದು ಎಂದುಕೊಂಡವರೂ ಇದ್ದಾರೆ. ಅಲ್ಲಿಗೆ ಬಂದು ಕೇಳಬಹುದಾದ ಮೂರು ಮಾದರಿ ಪ್ರಶ್ನೆಗಳನ್ನು ಪರದೆಯ ಮೇಲೆ ತೋರಿಸಲು ಶುರುಮಾಡಿದ ಮೇಲೆ ಬರುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಕೃತಿಚೌರ್ಯದ ವಿಷಯದಲ್ಲಿಯೂ ಎಚ್ಚರಿಕೆಯ ಮಾತಿಗಿಂತ ಉದಾಹರಣೆಯೇ ಮೇಲು: ಒಂದೇ ಪರಿಚ್ಛೇದವನ್ನು ಯಥಾವತ್ತಾಗಿ ನಕಲಿಸಿದ ರೂಪ, ನಾಲ್ಕು ಪದ ಬದಲಿಸಿದ ರೂಪ, ಮೂಲವನ್ನು ಹೆಸರಿಸಿ ಸ್ವಂತ ಮಾತಿನಲ್ಲಿ ಬರೆದ ರೂಪ ಈ ಮೂರನ್ನೂ ಪಕ್ಕಪಕ್ಕ ಇಟ್ಟು, ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ತೋರಿಸುತ್ತೇನೆ. ಪಠ್ಯವನ್ನು ಕಂಠಪಾಠವಾಗಿ ಒಪ್ಪಿಸುವುದೇ ಗೌರವವೆಂದು ಕಲಿತು ಬಂದವರಿಗೆ ಎರಡನೆಯ ರೂಪದಲ್ಲಿ ತಪ್ಪೇನಿದೆ ಎಂಬುದು ತಾನಾಗಿಯೇ ಹೊಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ದೊಡ್ಡ ತರಗತಿಯ ನಿಜವಾದ ಸವಾಲು ಮೌನ. ‘ಅರ್ಥವಾಯಿತೇ?’ ಎಂದು ಕೇಳಿದರೆ ಮುಂದಿನ ಸಾಲಿನ ಐದಾರು ಮಂದಿ ತಲೆಯಾಡಿಸುತ್ತಾರೆ, ಉಳಿದವರ ವಿಷಯ ತಿಳಿಯುವುದೇ ಇಲ್ಲ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಉತ್ತರಗಳು ದೀರ್ಘವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ತರಗತಿಗಳನ್ನು ಗಮನಿಸಿ ತೋರಿಸಿದ್ದರು. ಕೇಳಿದ ಪ್ರಶ್ನೆಯನ್ನು ಮನಸ್ಸಿನಲ್ಲೇ ತಾಯ್ನುಡಿಗೆ ತಂದುಕೊಂಡು, ಉತ್ತರವನ್ನು ಮತ್ತೆ ತರಗತಿಯ ಭಾಷೆಗೆ ಒಯ್ಯಬೇಕಾದವರಿಗೆ ಮೂರು ಸೆಕೆಂಡೂ ಸಾಲದು. ಆದ್ದರಿಂದ ನನ್ನ ತರಗತಿಯಲ್ಲಿ ಮೊದಲು ಬರೆಯುವುದು, ಆಮೇಲೆ ಪಕ್ಕದವರೊಡನೆ ಮಾತು, ಕೊನೆಗೆ ಎಲ್ಲರೆದುರು. ಎರಿಕ್ ಮಜೂರ್ ಹಾರ್ವರ್ಡ್‌ನಲ್ಲಿ 1991ರಿಂದ ಭೌತಶಾಸ್ತ್ರದ ದೊಡ್ಡ ತರಗತಿಗಳಲ್ಲಿ ಬಳಸಿದ ಕ್ರಮವನ್ನೇ ನಾನು ಅನುಸರಿಸುತ್ತಿರುವುದು. ಒಂದು ಉದಾಹರಣೆ ಕೊಡುತ್ತೇನೆ: ಎಲ್ಲರ ಸಂಬಳವೂ ಒಂದೇ ಮೊತ್ತದಷ್ಟು ಏರಿದರೆ ಮಾನಕ ವಿಚಲನೆ, ಅಂದರೆ ಸಂಬಳಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, ಏನಾಗುತ್ತದೆ? ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಮೊಬೈಲಿನಲ್ಲಿ ಉತ್ತರ ಒತ್ತುತ್ತಾರೆ. ಸರಿಯುತ್ತರ ಕೊಟ್ಟವರು ಶೇ. 30ಕ್ಕಿಂತ ಕಡಿಮೆಯಿದ್ದರೆ ಮತ್ತೆ ಪಾಠ ಮಾಡಬೇಕು, ಶೇ. 70ಕ್ಕಿಂತ ಹೆಚ್ಚಿದ್ದರೆ ಚಿಕ್ಕ ವಿವರಣೆ ಕೊಟ್ಟು ಮುಂದೆ ಹೋಗಬಹುದು. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ನೆರೆಯವರನ್ನು ಹುಡುಕಿ ಒಪ್ಪಿಸಲು ಹೇಳಿ, ಮತ್ತೊಮ್ಮೆ ಉತ್ತರ ಪಡೆಯಬೇಕು. ಸಂಬಳ ಏರಿದರೂ ಅಂತರಗಳು ಏರಲಿಲ್ಲವಲ್ಲ ಎಂದು ಗೆಳೆಯನೊಬ್ಬ ಹೇಳಿದಾಗ ತಟ್ಟುವಷ್ಟು ನನ್ನ ಸೂತ್ರ ತಟ್ಟುವುದಿಲ್ಲ. ನಿನ್ನೆ ಕಲಿತವನಿಗೆ ಎಲ್ಲಿ ತೊಡಕಾಗುತ್ತದೆಂಬುದು ಇನ್ನೂ ನೆನಪಿರುತ್ತದೆ. ಇಲ್ಲಿ ತಪ್ಪು ಉತ್ತರಕ್ಕೆ ಹೆಸರಿಲ್ಲದಿರುವುದರಿಂದ ಯಾರ ಮಾನಕ್ಕೂ ಧಕ್ಕೆಯಿಲ್ಲ. ಇದರಿಂದ ಪಾಠದ ಭಾಗ ಮುಗಿಯುವುದಿಲ್ಲ ಎಂಬ ಆಕ್ಷೇಪವನ್ನು ಸಹೋದ್ಯೋಗಿಗಳಿಂದ ಕೇಳಿದ್ದೇನೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿ 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅನುತ್ತೀರ್ಣರ ಸರಾಸರಿ ಪ್ರಮಾಣ ಬರೀ ಉಪನ್ಯಾಸದಲ್ಲಿ ಶೇ. 33.8, ವಿದ್ಯಾರ್ಥಿಗಳು ಸಕ್ರಿಯವಾಗಿ ತೊಡಗುವ ತರಗತಿಗಳಲ್ಲಿ ಶೇ. 21.8. ನಾನು ಎರಡು ಅಧ್ಯಾಯಗಳನ್ನು ಮನೆ ಓದಿಗೆ ಬಿಟ್ಟಿದ್ದೇನೆ. ಅದರಿಂದ ನಷ್ಟವಾದದ್ದು ನನಗೆ ಕಂಡಿಲ್ಲ.

ಉದಾಹರಣೆಗಳೊಳಗೂ ಹೇಳದ ನಿಯಮಗಳು ಅಡಗಿರುತ್ತವೆ. ಸಂಭವನೀಯತೆಯ ಪಾಠವೆಂದರೆ ಇಸ್ಪೀಟು ಎಂಬಷ್ಟು ಅದು ರೂಢಿಯಾಗಿದೆ. ಆದರೆ ಕಟ್ಟಿನಲ್ಲಿ 52 ಎಲೆಗಳಿರುತ್ತವೆ, ನಾಲ್ಕು ಬಗೆಯಲ್ಲಿ ತಲಾ 13, ಅವುಗಳಲ್ಲಿ ಚಿತ್ರದ ಎಲೆಗಳು 12 ಎಂಬುದು, ಮನೆಯಲ್ಲಿ ಜೂಜಿನ ವಸ್ತುವೆಂದು ಅದನ್ನು ಮುಟ್ಟದೆ ಬೆಳೆದವರಿಗೆ ಹೇಗೆ ಗೊತ್ತಿರಬೇಕು? ಅಂಥವರು ಎಡವುವುದು ಗಣಿತದಲ್ಲಲ್ಲ. ಈಗ ನಾನು ಬಣ್ಣದ ಗೋಲಿಗಳನ್ನೋ ರಕ್ತದ ಗುಂಪುಗಳನ್ನೋ ಬಳಸುತ್ತೇನೆ. ಬೇಕಾದ ಎಣಿಕೆಯೆಲ್ಲ ಪ್ರಶ್ನೆಯಲ್ಲೇ ಇರುತ್ತದೆ. ಸಂಖ್ಯೆಗಳ ಬರಹವಂತೂ ಇನ್ನೂ ಮೋಸದ್ದು. ಯುರೋಪಿನ ಅನೇಕ ದೇಶಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಆದ್ದರಿಂದ 1,234 ಎಂಬುದು ಒಬ್ಬರಿಗೆ ಸಾವಿರದ ಇನ್ನೂರ ಮೂವತ್ತನಾಲ್ಕಾದರೆ ಮತ್ತೊಬ್ಬರಿಗೆ ಒಂದೂಕಾಲಿಗೂ ಸ್ವಲ್ಪ ಕಡಿಮೆ. ದತ್ತಾಂಶದಲ್ಲಿ 03/04 ಎಂಬ ದಿನಾಂಕವಿದ್ದರೆ ಅದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬ ಸಂದೇಹವೂ ಅಷ್ಟೇ ನಿಜ. ನಮ್ಮ ವಿಷಯಕ್ಕೆ ಇವೇ ಒಳ್ಳೆಯ ಪಾಠಗಳು ಎಂಬುದು ಬೇರೆ ಮಾತು.

ಗುಂಪು ಕೆಲಸಕ್ಕೆ ಗುಂಪುಗಳನ್ನು ನಾನೇ ಮಾಡುತ್ತೇನೆ, ನಾಲ್ಕು ಮಂದಿಗೊಂದರಂತೆ. ಎಲ್ಲ ಗುಂಪಿನಲ್ಲೂ ವೈವಿಧ್ಯವಿರಲೆಂದು ಒಂದೇ ಭಾಷೆಯ ಕೆಲವೇ ಮಂದಿಯನ್ನು ಗುಂಪಿಗೊಬ್ಬರಂತೆ ಹಂಚುವುದು ಕಾಗದದ ಮೇಲೆ ಚೆಂದ ಕಂಡರೂ, ಆ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ. ಇಬ್ಬರನ್ನು ಜೊತೆಗಿಡುವುದು ಉತ್ತಮವೆಂಬುದು ನನ್ನ ಅಭಿಪ್ರಾಯ. ಕೆಲಸವನ್ನು ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ 1971ರಲ್ಲಿ ರೂಪಿಸಿದ ಜಿಗ್‌ಸಾ ಕ್ರಮದಲ್ಲಿ ಹಂಚುತ್ತೇನೆ. ದತ್ತಾಂಶ ಸಂಗ್ರಹದ ಬಗೆ, ನಕ್ಷೆ, ಲೆಕ್ಕ, ನಿರ್ಣಯ ಹೀಗೆ ಒಬ್ಬೊಬ್ಬರ ಬಳಿ ಒಂದೊಂದು ತುಣುಕು ಮಾತ್ರ ಇರುವುದರಿಂದ, ಮೆಲುದನಿಯವರ ಮಾತನ್ನೂ ಉಳಿದ ಮೂವರು ಕೇಳಲೇಬೇಕಾಗುತ್ತದೆ.

ಮೌಲ್ಯಮಾಪನದಲ್ಲಿ ಹೆಸರುಗಳಿರುವುದಿಲ್ಲ, ನೋಂದಣಿ ಸಂಖ್ಯೆ ಮಾತ್ರ. ಬೋಧನಾ ಸಹಾಯಕರಲ್ಲಿ ಒಬ್ಬೊಬ್ಬರು ಒಂದೊಂದು ಪ್ರಶ್ನೆಯನ್ನು ಎಲ್ಲ ಉತ್ತರಪತ್ರಿಕೆಗಳಲ್ಲಿಯೂ ತಿದ್ದುತ್ತಾರೆ. ಅದಕ್ಕೂ ಮೊದಲು ಹತ್ತು ಪತ್ರಿಕೆಗಳನ್ನು ಎಲ್ಲರೂ ಬೇರೆ ಬೇರೆಯಾಗಿ ತಿದ್ದಿ, ಅಂಕಗಳನ್ನು ಹೋಲಿಸಿ, ವ್ಯತ್ಯಾಸ ಬಂದಲ್ಲಿ ಚರ್ಚಿಸುತ್ತೇವೆ. ವ್ಯಾಕರಣಕ್ಕೆ ಅಂಕ ಕಳೆಯುವುದಿಲ್ಲವೆಂದು ಪ್ರಶ್ನೆಪತ್ರಿಕೆಯ ಮೇಲೆಯೇ ಮುದ್ರಿಸುತ್ತೇವೆ. ಆದರೆ ಲೆಕ್ಕ ಸರಿಯಿದ್ದು, ಫಲಿತಾಂಶದ ಅರ್ಥವನ್ನು ಒಂದು ವಾಕ್ಯದಲ್ಲಾದರೂ ಬರೆಯದಿದ್ದರೆ ಪೂರ್ಣ ಅಂಕ ಸಿಗುವುದಿಲ್ಲ. ಆ ಮಾತನ್ನೂ ಅದರ ಕೆಳಗೇ ಮುದ್ರಿಸಿರುತ್ತೇವೆ.