ಕ್ಯಾತಿಟರ್ ಒಳಗಿನ ಲೋಳೆ: ರಾಯಚೂರಿನ ಲ್ಯಾಬ್‌ನಲ್ಲಿ ನನ್ನ ಅನುಭವ

ಮೂತ್ರದ ಕಲ್ಚರ್ (ಅದರಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಔಷಧದ ಹೆಸರಿನ ಮುಂದೆ ‘ಎಸ್’ ಎಂದು ಬರೆದು ವಾರ್ಡಿಗೆ ಕಳಿಸುತ್ತೇವೆ. ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದರ್ಥ. ಆದರೂ ಕೆಲವರು ಅದೇ ಜ್ವರ ಹೊತ್ತುಕೊಂಡು ಮತ್ತೆ ಬರುತ್ತಾರೆ. ನಾನು ನೋಡಿದಂತೆ ಅವರಲ್ಲಿ ಕ್ಯಾತಿಟರ್, ಅಂದರೆ ಮೂತ್ರಕೋಶದಿಂದ ಮೂತ್ರ ಹೊರಗೆ ಬಿಡುವ ಪೈಪ್, ಇದ್ದವರೇ ಜಾಸ್ತಿ. ದೇವದುರ್ಗ ಕಡೆಯಿಂದ ಬಂದಿದ್ದ ಒಬ್ಬ ಅಜ್ಜನ ಮಗ ಕೇಳಿದ: “ಗುಳಿಗಿ ತಗಂಡಾಗ ಜ್ವರ ಹೋಗ್ತೈತ್ರಿ ಮೇಡಂ, ಬಿಟ್ರ ಮತ್ತ ಬರ್ತೈತಿ. ಯಾಕ್ರಿ?” ನಾನು ಬಯೋಫಿಲ್ಮ್ ಅಧ್ಯಯನಕ್ಕೆ ಇಳಿದದ್ದು ಆ ಪ್ರಶ್ನೆಯಿಂದ.

ನಾವು ‘ಎಸ್’ ಎಂದು ಬರೆಯುವುದು ಬಿಡಿಬಿಡಿಯಾಗಿರುವ ಬ್ಯಾಕ್ಟೀರಿಯಾವನ್ನು ಪರೀಕ್ಷೆ ಮಾಡಿ. ಪೈಪಿನೊಳಗೆ ಅವು ಹಾಗಿರುವುದಿಲ್ಲ. ಗೋಡೆಗೆ ಅಂಟಿಕೊಂಡು, ಸಕ್ಕರೆ, ಪ್ರೋಟೀನ್, ಡಿಎನ್‌ಎ ಸೇರಿದ ಲೋಳೆಯನ್ನು ಸುತ್ತಲೂ ಕಟ್ಟಿಕೊಳ್ಳುತ್ತವೆ. ಅದೇ ಬಯೋಫಿಲ್ಮ್. ತಳದಲ್ಲಿರುವವಕ್ಕೆ ಆಹಾರ, ಆಮ್ಲಜನಕ ಎರಡೂ ಕಡಿಮೆ, ಹಾಗಾಗಿ ಬೆಳವಣಿಗೆ ಬಹಳ ನಿಧಾನ. ಅನೇಕ ಆ್ಯಂಟಿಬಯೋಟಿಕ್‌ಗಳು ಹೊಡೆಯುವುದು ಬೆಳೆಯುತ್ತಿರುವ ಜೀವಕೋಶವನ್ನು. ಲೋಳೆಯೊಳಗಿನ ಬ್ಯಾಕ್ಟೀರಿಯಾ ಸಾಯಲು ಕೆಲವೊಮ್ಮೆ ಮಾಮೂಲಿಗಿಂತ 10ರಿಂದ 1000 ಪಟ್ಟು ಔಷಧ ಬೇಕಾಗುತ್ತದೆ. ಅಷ್ಟನ್ನು ಮನುಷ್ಯನಿಗೆ ಕೊಡಲು ಆಗುವುದಿಲ್ಲ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕ ಮೇಲೆ ಕ್ಯಾತಿಟರ್ ಇದ್ದವರ ಮೂತ್ರದಿಂದ ಬೆಳೆದ ಬ್ಯಾಕ್ಟೀರಿಯಾ ತಳಿಗಳನ್ನು ಕೂಡಿಡುತ್ತಾ ಬಂದೆ. ಮೊದಲು ಕಾಂಗೋ ರೆಡ್ ಬಣ್ಣ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಬೆಳೆಸಿ ನೋಡಿದೆ. ಲೋಳೆ ಕಟ್ಟುವ ತಳಿ ಅದರ ಮೇಲೆ ಒಣಗಿದ, ಕಪ್ಪು ಕಾಲನಿಯಾಗಿ ಬೆಳೆಯಬೇಕು. ಈ ವಿಧಾನ ಹುಟ್ಟಿದ್ದು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕಾಗಿ. ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್‌ನಂಥ ಬೇರೆ ಬ್ಯಾಕ್ಟೀರಿಯಾ ಇಟ್ಟರೆ ಬಣ್ಣ ನೋಡಿ ಹೇಳುವುದೇ ಕಷ್ಟ. ಅದರ ಮೇಲಷ್ಟೇ ತೀರ್ಮಾನ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ನಿಜವಾದ ಕೆಲಸ ನಡೆದದ್ದು 96 ಗುಳಿಗಳ ಪ್ಲೇಟ್‌ನಲ್ಲಿ. ಪಾಲಿಸ್ಟೈರೀನ್ ಪ್ಲೇಟ್, ತಳ ಚಪ್ಪಟೆ ಇರಬೇಕು. ರಾತ್ರಿಯಿಡೀ ಬೆಳೆದ ಕಲ್ಚರನ್ನು ಶೇ. 1 ಗ್ಲೂಕೋಸ್ ಬೆರೆಸಿದ ಟ್ರಿಪ್ಟಿಕ್ ಸೋಯ್ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ದ್ರವ) 100 ಪಟ್ಟು ತೆಳು ಮಾಡಿ, ಪ್ರತಿ ಗುಳಿಯಲ್ಲೂ 200 ಮೈಕ್ರೋಲೀಟರ್ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ ಅಲುಗಾಡಿಸದೆ ಇಟ್ಟೆ. ಪ್ರತಿ ತಳಿಗೂ ಮೂರು ಗುಳಿ. ಪ್ರತಿ ಪ್ಲೇಟ್‌ನಲ್ಲೂ ಬರೀ ಬ್ರಾತ್ ಇರುವ ಗುಳಿಗಳು. ಜೊತೆಗೆ ಹೋಲಿಕೆಗೆಂದು ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನ ಎರಡು ತಳಿ: ಗಟ್ಟಿಯಾಗಿ ಲೋಳೆ ಕಟ್ಟುವ ಎಟಿಸಿಸಿ 35984, ಕಟ್ಟದ ಎಟಿಸಿಸಿ 12228 (ಎಟಿಸಿಸಿ ಎಂದರೆ ಅಮೆರಿಕದ ತಳಿ ಸಂಗ್ರಹ, ಮುಂದಿನದು ಅಲ್ಲಿಯ ಸಂಖ್ಯೆ). ಇವೆರಡು ಸರಿ ಬರದ ದಿನದ ಪ್ಲೇಟನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ಬಿಸಿಲಿನ ವಿಷಯ ಇಲ್ಲಿ ಹೇಳಲೇಬೇಕು. ಏಪ್ರಿಲ್, ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಕಾಯಿಸುವುದಷ್ಟೇ ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಕೋಣೆಯೇ 40 ಆದರೆ ಒಳಗೆ 37 ಹೇಗೆ ನಿಲ್ಲುತ್ತದೆ ಹೇಳಿ! ಎಸಿ ಇರುವ ಕೋಣೆ ಬೇಕೇ ಬೇಕು. ಗಾಳಿಯೂ ಒಣ. ಪ್ಲೇಟ್‌ನ ಅಂಚಿನ ಗುಳಿಗಳು ಬೇಗ ಆರುತ್ತವೆ, ಆಗ ಅಲ್ಲಿಯ ಅಂಕಿ ನಂಬುವಂತಿರುವುದಿಲ್ಲ. ಅದಕ್ಕೇ ಸುತ್ತಲ ಸಾಲುಗಳಿಗೆ ಬರೀ ಸ್ಟೆರೈಲ್ ನೀರು ತುಂಬಿದೆ. ಇನ್‌ಕ್ಯುಬೇಟರ್ ಒಳಗೆ ಒಂದು ಟ್ರೇ ನೀರೂ ಇಟ್ಟೆ.

ಇನ್ನು ತೊಳೆಯುವುದು. ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ. ಜೋರಾಗಿ ತೊಳೆದರೆ ಲೋಳೆ ಕಿತ್ತು ಹೋಗುತ್ತದೆ, ಗಟ್ಟಿ ತಳಿಯೂ ಬಡಪಾಯಿಯಂತೆ ಕಾಣುತ್ತದೆ. ಕಡಿಮೆ ತೊಳೆದರೆ ಸುಮ್ನೆ ತೇಲುತ್ತಿದ್ದವೂ ಉಳಿದು ಬಣ್ಣ ಹಿಡಿಯುತ್ತವೆ. ಪಿಪೆಟ್ ತುದಿಯನ್ನು ತಳಕ್ಕೆ ತಾಗಿಸದೆ, ಗುಳಿಯ ಗೋಡೆಗುಂಟ ಬಫರ್ (ತೊಳೆಯುವ ಉಪ್ಪಿನ ದ್ರಾವಣ) ಇಳಿಸಿ, ಮೂರು ಸಲ ತೊಳೆಯುತ್ತೇನೆ. ಅಧ್ಯಯನ ಮುಗಿಯುವವರೆಗೆ ಒಬ್ಬರೇ ತೊಳೆಯುವುದು ಒಳ್ಳೆಯದು. ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಆಮೇಲೆ 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ಶೇ. 0.1 ಕ್ರಿಸ್ಟಲ್ ವೈಲೆಟ್ ಎಂಬ ನೇರಳೆ ಬಣ್ಣವನ್ನು 15 ನಿಮಿಷ ಹಾಕಿಟ್ಟೆ. ಮತ್ತೆ ತೊಳೆದು, ಆರಿಸಿ, ಹಿಡಿದ ಬಣ್ಣವನ್ನು ಶೇ. 33 ಅಸಿಟಿಕ್ ಆ್ಯಸಿಡ್‌ನಲ್ಲಿ ಕರಗಿಸಿ, ಬಣ್ಣದ ಗಾಢತೆ ಅಳೆಯುವ ಎಲೈಸಾ ರೀಡರ್‌ನಲ್ಲಿ 570 ನ್ಯಾನೋಮೀಟರ್‌ಗೆ ಓದಿದೆ. ಬರೀ ಬ್ರಾತ್‌ನ ಸರಾಸರಿಗೆ ಅದರ ಸ್ಟ್ಯಾಂಡರ್ಡ್ ಡೀವಿಯೇಶನ್‌ನ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮೂರು ಪಟ್ಟು ಕೂಡಿಸಿದರೆ ಗಡಿ ಸಿಗುತ್ತದೆ. ಗಡಿಯೊಳಗಿದ್ದರೆ ಲೋಳೆ ಇಲ್ಲ, ಎರಡು ಪಟ್ಟಿನವರೆಗೆ ದುರ್ಬಲ, ನಾಲ್ಕರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಗಟ್ಟಿ.

ಆದರೆ ಕ್ರಿಸ್ಟಲ್ ವೈಲೆಟ್‌ಗೆ ಸತ್ತದ್ದು, ಬದುಕಿದ್ದು ಎಂಬ ಭೇದ ಇಲ್ಲ. ಲೋಳೆಗೂ ಬಣ್ಣ ಹಚ್ಚುತ್ತದೆ. ನನಗೆ ಬೇಕಿದ್ದದ್ದು ಔಷಧ ಕೊಟ್ಟ ಮೇಲೂ ಬದುಕಿದವು ಎಷ್ಟು ಎಂಬ ಲೆಕ್ಕ. ಅದಕ್ಕೆ 24 ಗಂಟೆ ಬೆಳೆದ ಬಯೋಫಿಲ್ಮ್ ತೊಳೆದು, ಔಷಧ ಬೆರೆಸಿದ ಬ್ರಾತ್ ಹಾಕಿ, ಮತ್ತೊಂದು ದಿನ ಬಿಟ್ಟೆ. ಆಮೇಲೆ ತಳವನ್ನು ಕೆರೆದು, ತೆಳು ಮಾಡಿ, ಅಗಾರ್ ಮೇಲೆ ಹರಡಿ ಕಾಲನಿ ಎಣಿಸಿದೆ. ರಿಪೋರ್ಟ್‌ನಲ್ಲಿ ‘ಎಸ್’ ಇದ್ದ ತಳಿಗಳೇ ಆ ಪ್ಲೇಟ್‌ಗಳ ಮೇಲೆ ಒತ್ತೊತ್ತಾಗಿ ಎದ್ದು ಬಂದವು. ಅಜ್ಜನ ಮಗನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಇದನ್ನು ವಾರ್ಡಿನ ಸಿಸ್ಟರ್‌ಗಳಿಗೂ ಡಾಕ್ಟರ್‌ಗಳಿಗೂ ಪ್ಲೇಟ್ ಸಮೇತ ತೋರಿಸಿದೆ. ಕ್ಯಾತಿಟರ್ ಹಾಕಿ ಎರಡು ವಾರ ದಾಟಿದ್ದು, ಸೋಂಕು ಕಂಡು, ಪೈಪ್ ಇನ್ನೂ ಬೇಕೇ ಇದ್ದರೆ, ಹಳೆಯದನ್ನು ತೆಗೆದು ಹೊಸದು ಹಾಕಿ, ಹೊಸದರಿಂದಲೇ ಮೂತ್ರ ತೆಗೆದು ಕಲ್ಚರ್‌ಗೆ ಕಳಿಸಬೇಕು. ಹಳೆಯ ಪೈಪಿನ ಮೂತ್ರದಲ್ಲಿ ಬೆಳೆಯುವುದು ಪೈಪಿನ ಲೋಳೆಯದ್ದಾಗಿರಬಹುದು, ಮೂತ್ರಕೋಶದ್ದೇ ಎಂದು ಹೇಳಲಾಗದು. ತೆಗೆದ ಕ್ಯಾತಿಟರ್‌ನ ತುದಿ ಕತ್ತರಿಸಿ ಕಲ್ಚರ್‌ಗೆ ಕಳಿಸುವುದೂ ಬೇಡ, ಅದರಿಂದ ಚಿಕಿತ್ಸೆಗೆ ಉಪಯೋಗವಿಲ್ಲ. ಈಗ ಸ್ಯಾಂಪಲ್ ಚೀಟಿಯ ಮೇಲೆ ಪೈಪ್ ಹಾಕಿದ ತಾರೀಕು ಬರೆದು ಬರುತ್ತಿದೆ. ತಾರೀಕು ಇಲ್ಲದಿದ್ದರೆ ಫೋನ್ ಮಾಡಿ ಕೇಳುತ್ತೇನೆ.